ಮೊಮ್ಮಗೀಗೆ ನೀರು ಹಾಕೋಕೆ ಎಷ್ಟು ತೂಕ ಇಳೀಬೇಕು?

ನಮ್ಮ ಬೀದಿ ಹೆಂಗಸರಿಗೆಲ್ಲ ಒಂದೇ ಕಾಯಿಲೆ ನೋಡಿ. ನಲವತ್ತು ದಾಟಿತು ಅಂದ್ರೆ ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ. ಒಬ್ಬಳು ಅಯ್ಯೋ ಮಂಡಿ ಅಂತಾಳೆ, ಇನ್ನೊಬ್ಬಳು ಅಯ್ಯೋ ಸೊಂಟ ಅಂತಾಳೆ. ಯಾಕಮ್ಮ ಅಂತ ಕೇಳಿ, "ವಯಸ್ಸಾಯ್ತು ಬುಡು ಗಂಗಕ್ಕ" ಅನ್ನೋ ಉತ್ತರ ತಯಾರಾಗಿರುತ್ತೆ. ಈ ಮಾತು ಕೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ನಲವತ್ತೈದಕ್ಕೆ ಎಂಥ ವಯಸ್ಸು ಕಣ್ರೀ? ಇನ್ನೂ ಮೊಮ್ಮಕ್ಕಳ ಮುಖ ನೋಡಿಲ್ಲ, ಆಗಲೇ ಮೂಲೆ ಹಿಡಿಯೋದಾ?

ನಮ್ಮೂರು ದಂಡಿನಶಿವರದ ಹತ್ತಿರ. ನಮ್ಮ ಪಕ್ಕದ ಮನೆ ಚಿಕ್ಕಗೌರಮ್ಮನ ಕಥೆ ಹೇಳ್ತೀನಿ, ಕೇಳಿ. ಅವಳ ಒಪ್ಪಿಗೆ ತಗೊಂಡೇ ಹೇಳ್ತಾ ಇರೋದು. "ಎಲ್ಲಾ ಹೇಳು ಗಂಗಕ್ಕ, ಆ ಅವಲಕ್ಕಿ ವಿಷಯ ಮಾತ್ರ ಬ್ಯಾಡ" ಅಂದ್ಲು. ಅವಲಕ್ಕಿ ವಿಷಯ ಬಿಟ್ರೆ ಕಥೆಯೇ ಇಲ್ಲ, ಏನ್ ಮಾಡ್ಲಿ?

ಕಾರ್ತಿಕ ಮಾಸ. ಅಟ್ಟದಿಂದ ಕೊಬ್ಬರಿ ಇಳಿಸಿ, ಗೌರಮ್ಮನ ಮನೆ ಹಜಾರದಲ್ಲಿ ಚಿಪ್ಪು ಒಡೀತಾ ಕೂತಿದ್ವಿ. ಆ ಹೊತ್ತಿಗೆ ಅವಳ ಮಗಳು ಮೀನಾಕ್ಷಿ, ಮೀನಾಕ್ಷಿಯ ಅತ್ತೆ ಬೋರಮ್ಮ, ಇಬ್ಬರೂ ಹಾಲ್ಕುರಿಕೆಯಿಂದ ಬಂದ್ರು. ಕೈಯಲ್ಲಿ ಹಣ್ಣು, ಹೂವು, ಸಕ್ಕರೆ ಪೊಟ್ಟಣ. ಮೀನಾಕ್ಷಿಗೆ ಮೂರನೇ ತಿಂಗಳು! ಇರೋಳೊಬ್ಬಳೇ ಮಗಳು, ಮೊದಲನೇ ಬಸುರಿ. ಗೌರಮ್ಮನಿಗೆ ಹಾರಿಹೋಗಿ ತಬ್ಬಿಕೊಳ್ಳೋ ಆಸೆ. ಆದ್ರೆ ಏಳಬೇಕಲ್ಲ! ಒಂದು ಕೈ ನೆಲಕ್ಕೆ ಊರಿದ್ಲು, ಆಗಲಿಲ್ಲ. ಎರಡು ಕೈ ಊರಿದ್ಲು, ಆಗಲಿಲ್ಲ. ಕೊನೆಗೆ ಗಂಡ ನಂಜುಂಡಪ್ಪ ಒಂದು ರಟ್ಟೆ, ನಾನೊಂದು ರಟ್ಟೆ ಹಿಡಿದು "ಏಳಮ್ಮ ತಾಯಿ" ಅಂತ ಎಳೆದು ನಿಲ್ಲಿಸಿದ್ವಿ. ಎಲ್ಲರೂ ನಕ್ಕರು. ಬೋರಮ್ಮ ಮಾತ್ರ ನಗಲಿಲ್ಲ.

ಕಾಫಿ ಆದ ಮೇಲೆ ಬೋರಮ್ಮ ಮೆತ್ತಗೆ ಮಾತು ತೆಗೆದ್ರು. "ಬೀಗ್ರೇ, ಬೇಜಾರು ಮಾಡ್ಕೋಬ್ಯಾಡಿ. ಬಾಣಂತನ ನಮ್ಮನೇಲೇ ಆಗ್ಲಿ."

"ಅದೆಂಗಾಯ್ತದೆ ಬೀಗ್ರೇ? ಚೊಚ್ಚಲ ಬಾಣಂತನ ತವರುಮನೇದಲ್ವಾ?" ಅಂದ್ಲು ಗೌರಮ್ಮ.

"ಹೌದು, ನಾನೇನು ಇಲ್ಲ ಅಂದ್ನಾ? ಆದ್ರೆ ಬಚ್ಚಲಲ್ಲಿ ಕಾಲು ಚಾಚ್ಕೊಂಡು ಕೂರ್ಬೇಕು. ಕಾಲ ಮೇಲೆ ಮಗೀನ ಮಲಗಿಸ್ಕೊಂಡು ನೀರು ಹಾಕ್ಬೇಕು. ಆಮೇಲೆ ಎತ್ಕೊಂಡು ಏಳ್ಬೇಕು. ಒದ್ದೆ ನೆಲ. ನಿಮಗೆ ಅಲ್ಲೇ ಮಂಡಿ ಹಿಡ್ಕೊಂಡ್ರೆ ಮಗೀನ ಯಾರು ಹಿಡೀತಾರೆ?"

ಗೌರಮ್ಮ ಮಗಳ ಮುಖ ನೋಡಿದ್ಲು. ಮೀನಾಕ್ಷಿ ತಲೆ ಬಗ್ಗಿಸಿ ಸೆರಗಿನ ತುದಿ ಸುತ್ತುತಾ ಇದ್ಲು. ಅವಳಿಗೂ ಅದೇ ಭಯ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

"ಸೀಮಂತಕ್ಕೆ ಇನ್ನೂ ಐದು ತಿಂಗಳಿದೆ. ಆಗ ನೋಡಾಣ ಬುಡಿ" ಅಂತ ಹೇಳಿ ಬೋರಮ್ಮ ಎದ್ರು.

ಅವರು ಬಸ್ಸು ಹತ್ತಿದ ಮೇಲೆ ಗೌರಮ್ಮ ಹಿತ್ತಲಿಗೆ ಬಂದು ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಳು. "ನನ್ನ ಮಗಳ ಬಾಣಂತನ ನನ್ನ ಕೈಲಿ ಆಗಲ್ಲ ಅಂದ್ರಲ್ಲ ಗಂಗಕ್ಕ. ನಾನು ತಾಯಿ ಅಂತ ಯಾಕಿರ್ಬೇಕು?" ಅಂದ್ಲು. ಆಮೇಲೆ ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನೋಡ್ತಿರು, ಸೀಮಂತದೊತ್ತಿಗೆ ಕಡ್ಡಿ ಆಗಿರ್ತೀನಿ. ಮದುವೇಲಿ ಹೆಂಗಿದ್ನೋ ಹಂಗೆ!" ಅಂತ ಶಪಥ ಮಾಡಿದ್ಲು.

ಶಪಥ ಮಾಡೋದು ಸುಲಭ. ಅವಳು ಹಿಡಿದ ದಾರಿ ಕೇಳಿ ಈಗ.

ಕಾರ್ತಿಕ ಸೋಮವಾರದ ಒಪ್ಪತ್ತು ಹೇಗೂ ನಮ್ಮಲ್ಲಿ ಎಲ್ಲರೂ ಮಾಡ್ತೀವಿ. ಗೌರಮ್ಮ ಅದರ ಜತೆಗೆ ಗುರುವಾರ ಸೇರಿಸಿದ್ಲು. ಶನಿವಾರ ಸೇರಿಸಿದ್ಲು. ಏಕಾದಶಿ ಬಂತು, ಅದನ್ನೂ ಬಿಡಲಿಲ್ಲ. ದಿನಕ್ಕೊಂದೇ ಹೊತ್ತು ಊಟ, ರಾತ್ರಿ ಮುದ್ದೆ ಮುಟ್ಟೋ ಹಾಗಿಲ್ಲ, ಬರೀ ಫಲಾರ. ಅಬ್ಬಾ, ಎಂಥ ಭಕ್ತಿ ಅಂತ ಊರೇ ಮಾತಾಡ್ಕೊಂಡಿತು.

ಮನೆಯೋರನ್ನ ಬಿಟ್ರೆ ಆ ಫಲಾರ ನೋಡಿದೋಳು ನಾನೊಬ್ಬಳೇ! ಒಂದು ಬೋಗುಣಿ ಅವಲಕ್ಕಿ. ಅದಕ್ಕೆ ಒಂದು ಇಡೀ ಕಾಯಿ ತುರಿ, ಉಂಡೆ ಬೆಲ್ಲ, ಮೇಲೆ ತುಪ್ಪ. ಪಕ್ಕದಲ್ಲಿ ಬಾಳೆಹಣ್ಣಿನ ರಸಾಯನ. ಅದೂ ಸಾಲದು ಅಂತ ಉಪ್ಪಿಟ್ಟು. ಅವಳ ಅತ್ತೆ ತಿಮ್ಮಕ್ಕ ಬೇರೆ ಪಕ್ಕದಲ್ಲೇ ನಿಂತು, "ಪಾಪ, ಉಪವಾಸ ಇದ್ದೀಯ, ಇನ್ನೊಂದು ಸೌಟು ಹಾಕ್ಕೋ ಕಣೇ" ಅಂತ ಬಡಿಸೋರು. ಹಗಲೆಲ್ಲ ಕೊಬ್ಬರಿ ಒಡೀವಾಗ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಬಾಯಿಗೆ ಹೋಗ್ತಿತ್ತಲ್ಲ, ಅದು ಲೆಕ್ಕಕ್ಕೇ ಇಲ್ಲ. "ಅದು ಊಟವಾ? ಬಾಯಾಡೋದು" ಅನ್ನೋಳು.

ಕಾರ್ತಿಕ ಮುಗೀತು. ರವಿಕೆ ಗುಂಡಿ ಹಾಕೋಕೆ ಹೋದ್ಲು. ಒಂದು ಗುಂಡಿ ಕಿತ್ಕೊಂಡು ಹೋಗಿ ನೀರಿನ ಹಂಡೆಗೆ ಟಣ್ ಅಂತ ಬಡೀತು. ಇಳಿಯೋದಿರಲಿ, ಇನ್ನೂ ದಪ್ಪ ಆಗಿದ್ಲು!

ಬೇರೆ ಯಾರಾದ್ರೂ ಆಗಿದ್ರೆ ಕೂತು ಯೋಚನೆ ಮಾಡೋರು. ಗೌರಮ್ಮನಿಗೆ ರೋಷ ಬಂತು. "ಹಂಗಾ? ಇನ್ನು ನೀರೂ ಮುಟ್ಟಲ್ಲ" ಅಂದ್ಲು. ಎರಡು ದಿನ ಒಂದು ಅಗಳೂ ತಿನ್ನದೆ ಇದ್ಲು. ಮೂರನೇ ದಿನ ತೋಟದಲ್ಲಿ ಪಂಪ್‌ಸೆಟ್ ಮನೆ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದೇಬಿಟ್ಲು. ನಂಜುಂಡಪ್ಪ ಗಾಡಿ ಕಟ್ಟಿ ಆರೋಗ್ಯ ಕೇಂದ್ರಕ್ಕೆ ಹೊಡ್ಕೊಂಡು ಹೋದ. ನಾನೂ ಗಾಡೀಲಿ ಕೂತು ದಾರಿಯುದ್ದಕ್ಕೂ ಬೈಕೊಂಡೇ ಹೋದೆ.

ಅಲ್ಲಿ ಸಿಕ್ಕಿದೋರು ನರ್ಸಮ್ಮ ಶಹರ್ ಬಾನು. ತುರುವೇಕೆರೆ ಕಡೆಯೋರು, ನಮ್ಮದೇ ವಯಸ್ಸು. ಛತ್ರಿ ಹಿಡ್ಕೊಂಡು ನಮ್ಮೂರಿಗೂ ಬರೋರು, ಮಕ್ಕಳಿಗೆ ಲಸಿಕೆ ಹಾಕೋರು. ಡಾಕ್ಟರು ನೋಡಿ, ಬಿ.ಪಿ., ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿ, ಬಿ.ಪಿ. ಸ್ವಲ್ಪ ಜಾಸ್ತಿ ಇದೆ, ಸಕ್ಕರೆ ಇಲ್ಲ ಅಂದ್ರು. ಆಮೇಲೆ ನರ್ಸಮ್ಮ ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ಒಂದು ಲೋಟ ಮಜ್ಜಿಗೆ ಕೈಗೆ ಕೊಟ್ರು.

"ಯಾಕೆ ಗೌರಮ್ಮನೋರೇ, ಇಷ್ಟೊಂದು ಹಟ?"

"ಕಡ್ಡಿ ಆಗ್ಬೇಕು ನರ್ಸಮ್ಮ. ಮದುವೇಲಿದ್ದಂಗೆ."

ಶಹರ್ ಬಾನು ಜೋರಾಗಿ ನಕ್ಕರು. "ನನಗೂ ಆ ಆಸೆ ಇತ್ತು ಕಣ್ರೀ! ಹೋದ ವರ್ಷ ನಾನೂ ಒಂದು ವಾರ ಬರೀ ಸೌತೆಕಾಯಿ ತಿಂದೆ. ಎಂಟನೇ ದಿನ ಒಂದು ಡಬ್ಬಿ ಚಕ್ಕುಲಿ ಒಬ್ಬಳೇ ಖಾಲಿ ಮಾಡಿದೆ. ಇಪ್ಪತ್ತೈದು ವರ್ಷದಲ್ಲಿ ಬಂದ ಮೈ ನಾಲ್ಕು ತಿಂಗಳಲ್ಲಿ ಹೋಗು ಅಂದ್ರೆ ಹೋಗುತ್ತಾ? ಅದಿರ್ಲಿ, ಕಡ್ಡಿ ಆಗಿ ಏನ್ ಮಾಡ್ಬೇಕು ನೀವು? ನಿಜವಾಗಿ ಏನು ಬೇಕು, ಅದನ್ನ ಹೇಳಿ."

ಗೌರಮ್ಮ ಅಳುತಾ ಹೇಳಿದ್ಲು. "ನೆಲದ ಮೇಲೆ ಕೂತು ನನ್ನ ಮೊಮ್ಮಗೀಗೆ ನೀರು ಹಾಕ್ಬೇಕು. ಹಾಕಿ, ಯಾರೂ ಎತ್ತದಂಗೆ ಏಳ್ಬೇಕು. ಅಷ್ಟೇ ನರ್ಸಮ್ಮ."

"ಹಾಗಾದ್ರೆ ಅದೇ ಗುರಿ! ಕಡ್ಡಿ ಆಗೋದು ಬಿಟ್ಟಾಕಿ. ಸೀಮಂತದೊಳಗೆ ಒಂದು ನಾಲ್ಕೈದು ಕೆಜಿ ಇಳಿಯುತ್ತಾ ನೋಡೋಣ. ತಿಂಗಳಿಗೆ ಒಂದು, ಒಂದೂವರೆ. ಅಷ್ಟರಲ್ಲೇ ಮಂಡಿಗೆ ಎಷ್ಟು ಹಗುರ ಆಗುತ್ತೆ ಅಂತ ನೀವೇ ನೋಡಿ."

"ಬರೀ ನಾಲ್ಕೈದಾ?" ಅಂದೆ ನಾನು. ನನಗೇ ನಿರಾಸೆ ಆಯ್ತು.

"ಬರೀ ಅಲ್ಲ ಗಂಗಮ್ಮ. ನಾಲ್ಕು ಕೆಜಿ ಕೊಬ್ಬರಿ ಸೊಂಟಕ್ಕೆ ಕಟ್ಕೊಂಡು ಬೆಳಗಿಂದ ಸಂಜೆ ತನಕ ಓಡಾಡಿ ನೋಡಿ, ಆಮೇಲೆ ಬರೀ ಅನ್ನಿ" ಅಂದ್ರು.

ಆಮೇಲೆ ಅವರು ಒಂದು ಮಾತು ಕೇಳಿದ್ರು. "ಗೌರಮ್ಮನೋರೇ, ನೀವು ಮದುವೆ ಆಗಿ ಬಂದಾಗ ರಾಗಿ ಎಲ್ಲಿ ಬೀಸ್ತಿದ್ರಿ?"

"ಮನೇಲೇ, ಬೀಸೋಕಲ್ಲಲ್ಲಿ."

"ಈಗ?"

"ಮಿಲ್ಲಿಗೆ ಕಳಿಸ್ತೀವಿ."

"ನೀರು?"

"ಬಾವಿಯಿಂದ ಸೇದ್ತಿದ್ದೆ. ಈಗ ಪಂಪ್‌ಸೆಟ್ ಇದೆ. ಬೀದೀಲಿ ನಲ್ಲೀನೂ ಬಂದಿದೆ."

"ತೋಟಕ್ಕೆ?"

"ಆಗ ನಡ್ಕೊಂಡು. ಈಗ ಗಾಡೀಲಿ."

"ಮುದ್ದೆ?"

ಗೌರಮ್ಮ ನಾಲಿಗೆ ಕಚ್ಚಿಕೊಂಡ್ಲು. "ಮುದ್ದೆ ಅಷ್ಟೇ ಇದೆ ನರ್ಸಮ್ಮ!"

"ಅಷ್ಟೇ ನೋಡಿ ಗುಟ್ಟು. ಕೆಲಸ ಕಮ್ಮಿ ಆಯ್ತು, ಊಟ ಕಮ್ಮಿ ಆಗ್ಲಿಲ್ಲ. ಅದರ ಮೇಲೆ ಮುಟ್ಟು ನಿಲ್ಲೋ ವಯಸ್ಸಲ್ಲಿ ಮೈ ಸ್ವಲ್ಪ ಹಿಡಿದಿಟ್ಕೊಳ್ಳುತ್ತೆ. ನಿಮ್ಮ ತಪ್ಪಲ್ಲ. ಬೀಸೋಕಲ್ಲು ವಾಪಸ್ ತರೋದೂ ಬೇಡ. ಕಾಲು ಇದೆ, ನಡೀರಿ. ಮುದ್ದೆ ಇರ್ಲಿ, ಸಣ್ಣದು ಮಾಡಿ. ಸೊಪ್ಪಿನ ಸಾರು, ಹುರುಳಿಕಾಳು ಜಾಸ್ತಿ ಮಾಡಿ. ಸಾರಿಗೆ ಕಾಯಿ ಹಾಕಿ, ತೆಂಗಿನ ನಾಡಲ್ಲಿ ಕಾಯಿ ಬಿಡಿ ಅಂದ್ರೆ ನನ್ನನ್ನ ಊರೊಳಗೆ ಬಿಡ್ತೀರಾ? ಕೊಬ್ಬರಿ-ಬೆಲ್ಲ ಬಾಯಾಡೋದು ಮಾತ್ರ ಬಿಡಿ. ಒಪ್ಪತ್ತು ದೇವರಿಗೆ ಮಾಡಿ, ಬೇಡ ಅನ್ನಲ್ಲ. ಆದ್ರೆ ಒಪ್ಪತ್ತಿನ ಫಲಾರ ಎರಡು ಊಟಕ್ಕಿಂತ ದೊಡ್ಡದಾದ್ರೆ ದೇವರಿಗೂ ನಗು ಬರುತ್ತೆ!"

ಕೂತು ಏಳೋದಕ್ಕೂ ಒಂದು ದಾರಿ ಹೇಳಿಕೊಟ್ರು. ಮೊದಲು ಜಗಲಿ ಮೇಲೆ ಕೂತು, ಕೈ ಊರದೆ ಏಳೋದು. ಅದು ಸಲೀಸಾದ ಮೇಲೆ ಮಣೆ ಮೇಲೆ ಮಣೆ ಪೇರಿಸಿ, ಅದರ ಮೇಲೆ ಕೂತು ಏಳೋದು. ಆಮೇಲೆ ಒಂದೊಂದೇ ಮಣೆ ತೆಗೀತಾ ನೆಲಕ್ಕೆ ಬರೋದು. "ನೋವು ಜಾಸ್ತಿ ಆದ್ರೆ ನಿಲ್ಲಿಸಿ, ಬಂದು ತೋರಿಸಿ. ಒಬ್ಬರೇ ಮಾಡ್ಬೇಡಿ, ಒಬ್ಬರೇ ನಡೀಬೇಡಿ. ಜತೆ ಇದ್ರೆ ಬೇಜಾರಾದ ದಿನಾನೂ ಕಾಲು ಎಳೆಯುತ್ತೆ" ಅಂದ್ರು. ಹೇಳಿ ನನ್ನ ಕಡೆ ನೋಡಿದ್ರು. ನಾನು ಸಿಕ್ಕಿಬಿದ್ದೆ!

ಮಾರನೇ ದಿನದಿಂದ ಬೆಳಗ್ಗೆ ಬಿಸಿಲೇರೋ ಮುಂಚೆ ನಾವಿಬ್ಬರೂ ತೋಟಕ್ಕೆ ನಡಿಗೆ. ದಾರೀಲಿ ಶುರುವಾಯ್ತು ನೋಡಿ. "ಏನ್ ಗೌರಮ್ಮ, ನಡ್ಕೊಂಡು ಹೊಂಟೆ? ಎತ್ತು ಮಾರಿದ್ರಾ?" ಅಂತ ಅಂಗಡಿ ಮಾಯಣ್ಣ ಕೂಗಿದ. "ಎತ್ತು ಇದಾವೆ ಕಣಪ್ಪ, ನಿನ್ನ ನಾಲಿಗೆಗೆ ಮೂಗುದಾರ ಹಾಕೋಕೆ ಇಟ್ಕೊಂಡಿದೀವಿ" ಅಂದೆ.

ಮನೆಯೊಳಗೆ ತಿಮ್ಮಕ್ಕನ ರಗಳೆ ಬೇರೆ. ಸೊಸೆಯ ಸಣ್ಣ ಮುದ್ದೆ ನೋಡಿ ಅವರು ತಟ್ಟೆಯನ್ನೇ ತಳ್ಳಿಬಿಟ್ರು. "ಇದು ಮುದ್ದೆಯಾ ನೆಲ್ಲಿಕಾಯಾ? ಸೊಸೆಗೆ ಹೊಟ್ಟೆಗೆ ಹಾಕಲ್ಲ ಅಂತ ಊರೋರು ನನ್ನ ಮುಖಕ್ಕೆ ಉಗೀಲಿ ಅಂತಾನೇನೇ? ಮೈಕೈ ತುಂಬ್ಕೊಂಡಿದ್ರೆ ಮನೆಗೆ ಲಕ್ಷಣ. ಒಣಗಿದೋಳನ್ನ ನೋಡಿದ್ರೆ ಜನ ಕ್ಷಯ ಬಂದಿದೆ ಅಂತಾರೆ!"

ಅವರ ಮಾತಲ್ಲೂ ಒಂದು ಸಂಕಟ ಇತ್ತು ಕಣ್ರೀ. ತಿಮ್ಮಕ್ಕ ಬರಗಾಲ ಕಂಡೋರು, ಹಸಿವು ಉಂಡೋರು. ಅವರ ಕಾಲದಲ್ಲಿ ಸಣ್ಣಗಾಗೋದು ಅಂದ್ರೆ ಕಾಯಿಲೆ, ಇಲ್ಲಾ ಬಡತನ. ನಂಜುಂಡಪ್ಪನೂ ಅಮ್ಮನ ಕಡೆಯೇ. "ತಿನ್ನೋಕಿರೋ ಮನೇಲಿ ಹಸ್ಕೊಂಡಿರೋದು ಯಾವ ಕರ್ಮನೇ?" ಅಂದ.

"ಹಸ್ಕೊಂಡಿಲ್ಲ ಕಣ್ರೀ, ಹೊಟ್ಟೆ ತುಂಬ ಸೊಪ್ಪು ತಿಂತಿದೀನಿ. ನಮ್ಮ ಮಗಳು ನಮ್ಮನೇಲಿ ಬಾಣಂತಿ ಆಗ್ಬೇಕೋ ಬ್ಯಾಡ್ವೋ, ನೀವೇ ಹೇಳಿ" ಅಂದ್ಲು ಗೌರಮ್ಮ. ತಿಮ್ಮಕ್ಕ ಗೊಣಗಿಕೊಂಡೇ ಒಂದು ಸೌಟು ಸೊಪ್ಪು ಜಾಸ್ತಿ ಹಾಕಿದ್ರು.

ತಿಂಗಳಿಗೊಂದು ಸಲ ತೂಕ ನೋಡಿ, ದಿನಾ ನೋಡಿ ತಲೆ ಕೆಡಿಸ್ಕೋಬೇಡಿ ಅಂದಿದ್ರು ನರ್ಸಮ್ಮ. ಆದ್ರೆ ಹಳ್ಳೀಲಿ ಮನುಷ್ಯರನ್ನ ತೂಗೋ ಯಂತ್ರ ಎಲ್ಲಿದೆ? ನಂಜುಂಡಪ್ಪ ಕೊಬ್ಬರಿ ತೂಗೋ ದೊಡ್ಡ ತಕ್ಕಡಿನ ತೊಲೆಗೆ ನೇತು ಹಾಕಿದ. ಒಂದು ತಟ್ಟೇಲಿ ಗೋಣಿಚೀಲ ಹಾಸಿ ಹೆಂಡತೀನ ಕೂರಿಸಿದ, ಇನ್ನೊಂದರಲ್ಲಿ ತೂಕದ ಕಲ್ಲು.

"ಥೂ, ಇದೇನ್ಲಾ? ಕಟ್ಕೊಂಡೋಳನ್ನ ಕೊಬ್ಬರಿ ಹಂಗೆ ತೂಗ್ತೀಯಲ್ಲ!" ಅಂದ್ರು ತಿಮ್ಮಕ್ಕ.

"ಸುಮ್ನಿರವ್ವ, ತಿಪಟೂರು ಮಾರ್ಕೆಟ್ ರೇಟಿಗೆ ಇವಳನ್ನ ಮಾರಿದ್ರೆ ಇನ್ನೊಂದು ತೋಟ ತಗೋಬೋದು" ಅಂದ ನಂಜುಂಡಪ್ಪ. ತಕ್ಕಡಿಯಲ್ಲಿ ಕೂತೇ ಗೌರಮ್ಮ ಅವನ ಬೆನ್ನಿಗೊಂದು ಗುದ್ದಿದ್ಲು. ಆವತ್ತು ಎಪ್ಪತ್ತೆಂಟು ಕೆಜಿ ಇದ್ಲು.

ಸಂಕ್ರಾಂತಿ ಬಂತು. ಮನೆಮನೆಗೂ ಎಳ್ಳುಬೆಲ್ಲ. ಎಳ್ಳುಬೆಲ್ಲ ಅಂದ್ರೆ ಏನು? ಅರ್ಧ ಕೊಬ್ಬರಿ, ಅರ್ಧ ಬೆಲ್ಲ! ಗೌರಮ್ಮ ಯಾರ ಮನೇಲೂ ಇಲ್ಲ ಅನ್ನಲಿಲ್ಲ. ಒಂದು ಚಿಟಿಕೆ ಬಾಯಿಗೆ, ಉಳಿದದ್ದು ಸೆರಗಿಗೆ. ಮನೆಗೆ ಬಂದು ಬೀದಿ ಮಕ್ಕಳಿಗೆ ಹಂಚಿಬಿಟ್ಲು. ಹಬ್ಬ ಕಳೆದು ತಕ್ಕಡಿ ಏರಿದ್ಲು. ಒಂದೂವರೆ ಕೆಜಿ ಕಮ್ಮಿ! ನಾನು ಹಜಾರದಲ್ಲೇ ಕುಣಿದುಬಿಟ್ಟೆ. ಶಿವರಾತ್ರಿ ಹೊತ್ತಿಗೆ ಇನ್ನೂ ಒಂದು ಕೆಜಿ ಮೇಲೆ ಇಳಿದಿತ್ತು. ಜಗಲಿಯಿಂದ ಸಲೀಸಾಗಿ ಏಳ್ತಿದ್ಲು, ಮಣೆ ಒಂದೊಂದಾಗಿ ತೆಗೀತಾ ಬಂದಿದ್ಲು. ನಡಿಗೆ ಹೇಗಾಯ್ತು ಅಂದ್ರೆ, ಮೊದಲು ನನ್ನ ಹಿಂದೆ ಏದುಸಿರು ಬಿಡ್ತಾ ಬರ್ತಿದ್ದೋಳು ಈಗ ಮುಂದೆ ಹೋಗಿ "ಬೇಗ ಬಾರೇ ಗಂಗಕ್ಕ" ಅಂತ ಕೂಗೋಕೆ ಶುರುಮಾಡಿದ್ಲು.

ಯುಗಾದಿ ಬಂತು. ಅಲ್ಲಿ ಮುಗ್ಗರಿಸಿದ್ಲು ನೋಡಿ.

ಒಬ್ಬಟ್ಟಿನ ಹಬ್ಬ. ಒಂದು ತಿಂದ್ಲು, ಎರಡು ತಿಂದ್ಲು, ವರ್ಷದ ಹಬ್ಬ ಅಂತ ಮೂರನೇದು. ಹೊಸತೊಡಕು ಕಳೆದ ಮೇಲೆ ತಕ್ಕಡಿ ಏರಿದ್ರೆ, ಹೋದ ತಿಂಗಳಷ್ಟೇ ತೂಕ! ಒಂದು ಗುಲಗಂಜಿಯೂ ಇಳಿದಿಲ್ಲ. ಗೌರಮ್ಮನ ಮುಖ ಬಾಡಿಹೋಯ್ತು. "ಇಷ್ಟು ದಿನ ಬಾಯಿ ಕಟ್ಟಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು. ನನ್ನ ಹಣೇಲಿ ಬರೆದಿಲ್ಲ ಬುಡು" ಅಂತ ಹೇಳಿ ಕೊಬ್ಬರಿ ಮಿಠಾಯಿ ಡಬ್ಬ ಮಡಿಲಲ್ಲಿಟ್ಕೊಂಡು ಕೂತ್ಲು. ಬೆಳಗ್ಗೆ ನಾನು ಬಾಗಿಲು ಬಡಿದ್ರೆ "ತಲೆನೋವು" ಅನ್ನೋಳು. ಬೈದೆ, ಗೋಗರೆದೆ, ಆಣೆ ಹಾಕಿದೆ. ಊಹೂಂ. ಕೊನೇ ಮಣೆ ತೆಗೆದು ನೆಲದ ಮೇಲೆ ಕೂತು ನೋಡೋ ಧೈರ್ಯವನ್ನಂತೂ ಅವಳು ಮಾಡಲೇ ಇಲ್ಲ.

ಸೀಮಂತಕ್ಕೆ ಉಳಿದಿದ್ದು ಎರಡೇ ವಾರ. ಶಹರ್ ಬಾನು ನಮ್ಮೂರಿಗೆ ಬಂದ ದಿನ ನಾನೇ ಅವರ ಕೈ ಹಿಡಿದು ಗೌರಮ್ಮನ ಮನೆಗೆ ಕರ್ಕೊಂಡು ಬಂದೆ. "ಇಳಿಯೋದು ಒಂದೇ ಸಮ ಇರಲ್ಲ ಗೌರಮ್ಮನೋರೇ. ಒಂದೊಂದು ತಿಂಗಳು ನಿಲ್ಲುತ್ತೆ. ಒಬ್ಬಟ್ಟು ತಿಂದ್ರಿ, ಸಂತೋಷ. ಮಾರನೇ ದಿನ ಮತ್ತೆ ನಡೀಬೇಕಿತ್ತು, ಅಷ್ಟೇ. ಒಂದು ದಿನ ತಪ್ಪಿದ್ದು ತಪ್ಪಲ್ಲ, ತಪ್ಪಿತು ಅಂತ ಬಿಟ್ಟುಬಿಡೋದು ತಪ್ಪು" ಅಂತ ಅವರು ಹೇಳ್ತಾನೇ ಇದ್ರು. ಗೌರಮ್ಮ ಮುಖ ಆ ಕಡೆ ತಿರುಗಿಸಿ ಕೂತಿದ್ಲು.

ಅಷ್ಟರಲ್ಲಿ ಒಳಗಿಂದ ಧೊಪ್ ಅಂತ ಸದ್ದು. "ಅಯ್ಯಪ್ಪೋ!"

ತಿಮ್ಮಕ್ಕ! ಬಚ್ಚಲಲ್ಲಿ ಜಾರಿ ಬಿದ್ದಿದ್ರು.

ನಾವು ಏಳೋ ಮುಂಚೆ ಗೌರಮ್ಮ ಒಳಗೆ ಓಡಿದ್ಲು. ನಾನೂ ನರ್ಸಮ್ಮನೂ ಹಿಂದೆಯೇ ಓಡಿ ನೋಡ್ತೀವಿ, ಒದ್ದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅತ್ತೇನ ತೊಡೆ ಮೇಲೆ ಹಾಕ್ಕೊಂಡಿದಾಳೆ. ನರ್ಸಮ್ಮ ಬೇಗ ಬಗ್ಗಿ ಕೈಕಾಲು, ಸೊಂಟ ಎಲ್ಲ ಮುಟ್ಟಿ ನೋಡಿದ್ರು. "ಮೂಳೆಗೇನೂ ಆದಂಗಿಲ್ಲ, ತರಚಿದೆ ಅಷ್ಟೇ. ಮೆಲ್ಲಗೆ ಎಬ್ಬಿಸಿ" ಅಂದ್ರು. ಗೌರಮ್ಮ ಅತ್ತೆ ಕಂಕುಳಲ್ಲಿ ಕೈ ಹಾಕಿದ್ಲು, ಒಂದು ಮಂಡಿ ಊರಿದ್ಲು, "ಏಳಿ ಅತ್ತೆ" ಅಂದ್ಲು, ಎದ್ದು ನಿಂತ್ಲು. ಅತ್ತೇನೂ ಎಬ್ಬಿಸಿಕೊಂಡು ನಿಂತ್ಲು!

"ಎಲ್ಲಿ ನೋವಾಯ್ತು ಅತ್ತೆ? ಹೇಳಿ, ಎಲ್ಲಿ?" ಅಂತ ಗಾಬರಿಯಿಂದ ಕೇಳ್ತಾ ಇದಾಳೆ. ತಿಮ್ಮಕ್ಕ ಬಾಯಿ ಬಿಟ್ಕೊಂಡು ಸೊಸೇನೇ ನೋಡ್ತಾ ಇದಾರೆ.

"ನೋವು ಹಾಳಾಗೋಗ್ಲಿ ಕಣೇ! ನೀನು ಹೆಂಗೆ ಎದ್ದೆ? ಅದು ಹೇಳು!"

ಗೌರಮ್ಮನಿಗೆ ಆಗ ಹೊಳೀತು. ನೆಲ ನೋಡ್ಕೊಂಡ್ಲು. ತನ್ನ ಕಾಲು ನೋಡ್ಕೊಂಡ್ಲು. "ಗಂಗಕ್ಕ, ನೀನು ಎತ್ತಿದ್ಯಾ?"

"ನಾನು ಬಾಗಿಲಲ್ಲೇ ಇದೀನಿ ಕಣೇ!" ಅಂತ ಕಿರುಚಿದೆ. ನರ್ಸಮ್ಮ ಎರಡು ಕೈ ಎತ್ತಿ "ನಾನೂ ಎತ್ತಿಲ್ಲ" ಅಂದ್ರು. ನಾನು ಅತ್ತುಬಿಟ್ಟೆ, ಗೌರಮ್ಮ ಅತ್ತಳು, ಬಿದ್ದ ತಿಮ್ಮಕ್ಕ ಮಾತ್ರ ನಗ್ತಾ ನಿಂತಿದ್ರು. ಶಹರ್ ಬಾನು ಹೇಳಿದ್ರು, "ತಕ್ಕಡಿಗೆ ತೂಕ ಒಂದೇ ಗೊತ್ತು ಗೌರಮ್ಮನೋರೇ. ನಿಮ್ಮ ಕಾಲಿಗೆ ಬಂದ ಶಕ್ತಿ ಅದಕ್ಕೆ ಗೊತ್ತಾಗಲ್ಲ."

ಸಂಜೆ ನಂಜುಂಡಪ್ಪ ಬಂದ. ತಿಮ್ಮಕ್ಕ ಅವನನ್ನ ಕಾಲು ತೊಳೆಯೋಕೂ ಬಿಡದೆ ಹಜಾರದಲ್ಲಿ ನಿಲ್ಲಿಸಿ, "ಗೌರಿ, ಕೂತು ಎದ್ದು ತೋರಿಸೇ" ಅಂದ್ರು. ಗೌರಮ್ಮ ಕೂತ್ಲು, ಎದ್ಲು. ಮತ್ತೆ ಕೂತ್ಲು, ಎದ್ಲು. "ಅದೇನ್ ಮಹಾ!" ಅಂತ ನಂಜುಂಡಪ್ಪನೂ ನೆಲದ ಮೇಲೆ ಕೂತ. ಏಳೋಕೆ ಹೋದ್ರೆ ಅವನ ಹೊಟ್ಟೆ ಅಡ್ಡ ಬಂತು. ಒಂದು ಕೈ ಊರಿದ, ಎರಡು ಕೈ ಊರಿದ. "ಲೇ, ಎತ್ತ್ರೇ ಯಾರಾದ್ರೂ!" ಅಂದ. ನಾವು ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡ್ವಿ. ಮಾರನೇ ದಿನ ತೋಟದ ದಾರೀಲಿ ಮೂರು ಜನ ಇದ್ವಿ. ನಂಜುಂಡಪ್ಪ ಕೊನೇಲಿ ಏದುಸಿರು ಬಿಡ್ತಾ ಬರ್ತಿದ್ದ. ಮನೇಲಿ ಎಲ್ಲರ ಮುದ್ದೆಯೂ ಸಣ್ಣಗಾಯ್ತು, ಕಟ್ಟಿಕೊಟ್ಟಿದ್ದು ಯಾರು ಗೊತ್ತಾ? ತಿಮ್ಮಕ್ಕ!

ಸೀಮಂತದ ದಿನ ಬೋರಮ್ಮ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ತಿಮ್ಮಕ್ಕ ಶುರುಮಾಡಿದ್ರು. "ಬೀಗ್ರೇ, ನನ್ನ ಸೊಸೆ ನನ್ನನ್ನೇ ಎತ್ತಿದಾಳೆ. ನಿಮ್ಮ ಮೊಮ್ಮಗ ಯಾವ ಲೆಕ್ಕ? ಹುಡುಗೀನ ಇಲ್ಲೇ ಬುಟ್ಟು ಹೋಗಿ!" ಬೋರಮ್ಮ ತಮಾಷೆ ಅಂದುಕೊಂಡ್ರು. ಆದ್ರೆ ಮೀನಾಕ್ಷಿಗೆ ಅರಿಶಿನ ಹಚ್ಚುವಾಗ, ಮಡಿಲು ತುಂಬುವಾಗ, ಎಲೆ ಹಾಕಿ ಬಡಿಸುವಾಗ ಗೌರಮ್ಮ ಕೂರೋದು, ಏಳೋದು ಎಲ್ಲ ಗಮನಿಸ್ತಾ ಇದ್ರು. ಹೊರಡುವಾಗ ಸೊಸೆಯ ಕೈಯನ್ನ ಅವಳ ತಾಯಿ ಕೈಯಲ್ಲಿಟ್ಟು, "ನಾನು ಭಯಕ್ಕೆ ಹೇಳಿದ್ದು ಬೀಗ್ರೇ, ದೊಡ್ಡಸ್ತಿಕೆಗಲ್ಲ. ಇವಳು ನಿಮ್ಮನೇಲೇ ಇರ್ಲಿ" ಅಂದ್ರು. ಮೀನಾಕ್ಷಿ ಅಮ್ಮನ್ನ ತಬ್ಬಿಕೊಂಡು, "ಅಮ್ಮಾ, ನನಗೂ ಇಲ್ಲೇ ಇರ್ಬೇಕು ಅಂತಿತ್ತು ಕಣಮ್ಮ. ನಿನಗೇನಾದ್ರೂ ಆದ್ರೆ ಅಂತ ಹೆದರಿ ಸುಮ್ನಿದ್ದೆ" ಅಂದ್ಲು.

ಜ್ಯೇಷ್ಠದಲ್ಲಿ ಆಸ್ಪತ್ರೇಲಿ ಹೆರಿಗೆ ಆಯ್ತು. ಹೆಣ್ಣು ಮಗು! ಕಪ್ಪು ಕೂದಲು ಹಣೆ ತನಕ. ಮನೆಗೆ ಬಂದ ಮೇಲೆ ಬಚ್ಚಲಲ್ಲಿ ಸಣ್ಣ ಮಣೆ ಹಾಕಿ ಗೌರಮ್ಮ ಕೂತ್ಲು. ಕಾಲು ಚಾಚಿದ್ಲು. ನಾನು ಮಗೀನ ಕೊಟ್ಟೆ. ಕಾಲ ಮೇಲೆ ಬೋರಲು ಮಲಗಿಸಿ, ಮೊಣಕೈಯಿಂದ ನೀರಿನ ಬಿಸಿ ನೋಡಿ, ತಂಬಿಗೇಲಿ ಮೆಲ್ಲಮೆಲ್ಲಗೆ ಹಾಕಿದ್ಲು. ಮಗು ಊರೇ ಕೇಳೋ ಹಾಗೆ ಅತ್ತಿತು, ಆಮೇಲೆ ಹಿತವಾಗಿ ಕಣ್ಣು ಮುಚ್ಚಿತು. ಮೈ ಒರೆಸಿ, ಬಿಳಿ ಪಂಚೇಲಿ ಸುತ್ತಿ ನನ್ನ ಕೈಗೆ ಕೊಟ್ಟು, ಒಂದು ಮಂಡಿ ಊರಿ ಗೌರಮ್ಮ ಎದ್ದು ನಿಂತ್ಲು. ಅಜ್ಜಿಯ ಮುಖ ನೋಡಬೇಕಿತ್ತು ನೀವು! ಬೆವರು, ಹೊಗೆ, ಕಣ್ಣೀರು ಎಲ್ಲ ಒಂದಾಗಿತ್ತು. ಸೆರಗು ಕೊಡವಿಕೊಂಡು, "ಇಷ್ಟೇನಾ? ಇನ್ನೊಂದು ಮಗು ಇದ್ರೆ ಅದನ್ನೂ ತನ್ನಿ!" ಅಂದ್ಲು.

ಆವತ್ತಿಗೆ ಅವಳು ಒಟ್ಟು ಇಳಿದಿದ್ದು ನಾಲ್ಕು ಕೆಜಿ ಕೂಡ ಪೂರ್ತಿ ಅಲ್ಲ. ಈಗಲೂ ದಪ್ಪನೇ ಇದಾಳೆ. ಮದುವೇಲಿದ್ದಂಗೆ ಆಗಿಲ್ಲ, ಆಗೋದೂ ಇಲ್ಲ. ಆ ಯೋಚನೆಯೇ ಅವಳಿಗಿಲ್ಲ.

ಈಗ ನಿಮ್ಮ ಸರದಿ ಅಕ್ಕಂದಿರಾ, ಅಣ್ಣಂದಿರಾ. ಪಕ್ಕದ ಮನೆಯೋಳಂಗೆ ಆಗ್ಬೇಕು, ಪಟದಲ್ಲಿರೋಳಂಗೆ ಆಗ್ಬೇಕು ಅನ್ನೋ ಹಟ ಬೇಡ. ನಿಮ್ಮ ಮೈ ನಿಮಗೆ ಯಾವ ಕೆಲಸ ಮಾಡಿಕೊಡಬೇಕು? ಬೆಟ್ಟ ಹತ್ತಬೇಕಾ, ಅಟ್ಟ ಹತ್ತಬೇಕಾ, ಮೊಮ್ಮಗೂನ ಎತ್ತಬೇಕಾ? ಅದನ್ನ ಗುರಿ ಇಟ್ಕೊಳ್ಳಿ. ಉಪವಾಸ ಬಿದ್ದು ಕಣ್ಣು ಕತ್ತಲೆ ಬರಿಸ್ಕೋಬೇಡಿ. ನಲವತ್ತು ದಾಟಿದೋರು ಒಂದು ಸಲ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ., ಸಕ್ಕರೆ ನೋಡಿಸ್ಕೊಳ್ಳಿ. ತಿಂಗಳಿಗೆ ಒಂದು ಕೆಜಿ ಇಳಿದ್ರೆ ಸಿಹಿ ಹಂಚೋ ಬದಲು ಹೂವು ಮುಡ್ಕೊಳ್ಳಿ. ಒಂದು ತಿಂಗಳು ಇಳೀಲಿಲ್ವಾ? ಇಳೀದಿದ್ರೆ ಇಳೀಲಿಲ್ಲ, ನಡಿಗೆ ಬಿಡ್ಬೇಡಿ. ಜತೆಗೊಬ್ಬರನ್ನ ಕರ್ಕೊಳ್ಳಿ, ಯಾರೂ ಸಿಗಲಿಲ್ಲ ಅಂದ್ರೆ ನಾನಿದೀನಿ. ನಾಳೆ ಬೆಳಗ್ಗೆ ನಿಮ್ಮ ಮನೆ ಬಾಗಿಲು ಬಡೀತೀನಿ, ತಲೆನೋವು ಅಂತ ಹೇಳಿ ನೋಡೋಣ!